ಐನೂರು ರೂಪಾಯಿ ದಂಡ, ‘ಏನೋ’ ಅಂದಿದ್ದಕ್ಕೆ ರಂಪ

ರಾಜಾಜಿನಗರದ ಭಾಷ್ಯಂ ಸರ್ಕಲ್‌ನಿಂದ ಹಿಡಿದು ಕೆಂಗೇರಿ ಬಸ್ ನಿಲ್ದಾಣದವರೆಗೆ, ಸಂಚಾರಿ ಪೊಲೀಸರಿಗೂ ಮೋಟಾರ್ ಸೈಕಲ್ ಸವಾರರಿಗೂ ನಡೆಯುವ ಜಟಾಪಟಿಯನ್ನು ಗಲ್ಲಾಪೆಟ್ಟಿಗೆ ಮುಂದೆ ಕೂತೇ ನೋಡುವ ಅಂಗಡಿಯವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಹೆಲ್ಮೆಟ್ ಇಲ್ಲದ್ದಕ್ಕೆ ಐನೂರು ರೂಪಾಯಿ ಎಂದಾಗ ಸವಾರ ಮುಖ ಸಿಂಡರಿಸುತ್ತಾನೆ, ಗೊಣಗುತ್ತಾನೆ, ಕೊನೆಗೆ ಕಟ್ಟುತ್ತಾನೆ. ಅದೇ ‘ಲೇ, ಸೈಡಿಗೆ ಹಾಕೋ’ ಎಂಬ ಒಂದು ಮಾತು ಬಂತೋ, ಆಯಿತು! ಅಲ್ಲಿಂದಾಚೆ ಹೆಲ್ಮೆಟ್ ಮರೆತುಹೋಗುತ್ತದೆ, ದಂಡ ಮರೆತುಹೋಗುತ್ತದೆ. ‘ಯಾರಿಗ್ರೀ ಲೇ ಅಂತೀರಾ?’ ಎಂಬಲ್ಲಿಗೆ ಮೊಕದ್ದಮೆಯ ಸ್ವರೂಪವೇ ಬದಲಾಗುತ್ತದೆ. ಐದು ನಿಮಿಷದಲ್ಲಿ ಮೂವತ್ತು ಜನ ಸೇರುತ್ತಾರೆ. ಹತ್ತನೇ ನಿಮಿಷಕ್ಕೆ ಹಿಂದೆ ನಿಂತ ಬಿಎಂಟಿಸಿ ಬಸ್ಸಿನ ಕಂಡಕ್ಟರ್ ಕಿಟಕಿಯಿಂದ ತಲೆ ಹೊರಗೆ ಹಾಕಿರುತ್ತಾನೆ.

ಇದು ಇಂದು ನಿನ್ನೆಯ ಕಥೆಯಲ್ಲ, ನಿಜ. ಆದರೆ 2025ರ ಮೇ 26ರಂದು ಮಂಡ್ಯದಲ್ಲಿ ನಡೆದದ್ದಾದ ಮೇಲೆ ಇದನ್ನು ಬರೀ ಬೀದಿ ತಮಾಷೆ ಎಂದು ತಳ್ಳಿಹಾಕುವ ಹಾಗಿಲ್ಲ. ನಾಯಿ ಕಚ್ಚಿದ ಮೂರು ವರ್ಷದ ಹೆಣ್ಣುಮಗುವನ್ನು ತಾಯಿ ತಂದೆ ಬೈಕಿನಲ್ಲಿ ಮಂಡ್ಯದ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಹೆಲ್ಮೆಟ್ ತಪಾಸಣೆಗೆಂದು ನಿಂತಿದ್ದ ಪೊಲೀಸರು ತಡೆದರು. ಬೈಕು ಆಯ ತಪ್ಪಿ ಬಿತ್ತು, ಮಗು ರಸ್ತೆಗೆ ಬಿತ್ತು, ಹಿಂದಿನಿಂದ ಬಂದ ವಾಹನಕ್ಕೆ ಸಿಕ್ಕಿ ಸತ್ತಿತು. ಜನ ರಸ್ತೆಗಿಳಿದರು. ಮೂವರು ಸಹಾಯಕ ಸಬ್ ಇನ್ಸ್‌ಪೆಕ್ಟರ್‌ಗಳು ಅಮಾನತಾದರು. ಕೆಂಗೇರಿಯಿಂದ ಹೊರಟರೆ ಅದೇ ಮೈಸೂರು ರಸ್ತೆ ಸೀದಾ ಮಂಡ್ಯಕ್ಕೆ ಹೋಗುತ್ತದೆ. ದೂರದ ಊರಿನ ಸುದ್ದಿಯೇನಲ್ಲ.

ಆ ಘಟನೆಯ ಬೆನ್ನಿಗೇ ರಾಜ್ಯದ ಪೊಲೀಸ್ ಮುಖ್ಯಸ್ಥ ಎಂ.ಎ. ಸಲೀಂ ಅವರಿಂದ ಸುತ್ತೋಲೆ ಹೊರಟಿತು. ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ಬರೀ ಕಾಗದಪತ್ರ ನೋಡುವುದಕ್ಕೆ ಗಾಡಿ ನಿಲ್ಲಿಸಬೇಡಿ, ಓಡುತ್ತಿರುವ ಗಾಡಿಗೆ ಏಕಾಏಕಿ ಅಡ್ಡ ಬರಬೇಡಿ, ಹಿಂದೆ ಕೂತವರನ್ನು ಹಿಡಿದೆಳೆಯಬೇಡಿ, ಕೀ ಕಿತ್ತುಕೊಳ್ಳಬೇಡಿ ಎಂಬುದು ಅದರ ತಾತ್ಪರ್ಯ. ಇದರ ಮೊದಲ ಭಾಗ ಹೊಸದೇನೂ ಅಲ್ಲ. 2022ರ ಜೂನ್‌ನಲ್ಲೇ ಆಗಿನ ಡಿಜಿಪಿ ಪ್ರವೀಣ್ ಸೂದ್ ಅವರು ಇದನ್ನೇ ಸಾರ್ವಜನಿಕವಾಗಿ ಹೇಳಿದ್ದರು. ಕುಡಿದು ಓಡಿಸುವವರ ತಪಾಸಣೆಗೆ ಮಾತ್ರ ವಿನಾಯಿತಿ ಎಂದಿದ್ದರು. ಮೂರು ವರ್ಷದಲ್ಲಿ ಅದೇ ಮಾತನ್ನು ಎರಡನೇ ಸಲ ಹೇಳಬೇಕಾಯಿತು ಎಂದರೆ ಮೊದಲನೇ ಸಲದ್ದು ಎಷ್ಟರ ಮಟ್ಟಿಗೆ ಸರ್ಕಲ್ಲಿಗೆ ಇಳಿದಿತ್ತು ಎಂಬುದನ್ನು ಓದುಗರೇ ಲೆಕ್ಕ ಹಾಕಿಕೊಳ್ಳಬಹುದು.

ಹಾಗಂತ ಸವಾರ ಮಹಾಶಯರು ‘ಇನ್ನು ನಮ್ಮನ್ನ ಯಾರೂ ನಿಲ್ಸೋ ಹಾಗಿಲ್ಲ’ ಎಂದು ಹೆಗಲು ಕುಣಿಸುವಂತಿಲ್ಲ. ಸುತ್ತೋಲೆ ಪೊಲೀಸರಿಗೆ ಹೇಳಿದ ಬುದ್ಧಿಮಾತು. ಕಾಯ್ದೆ ಕಾಯ್ದೆಯಾಗಿಯೇ ಇದೆ. 1988ರ ಮೋಟಾರು ವಾಹನ ಕಾಯ್ದೆಯ 130ನೇ ಕಲಂ ಪ್ರಕಾರ, ಸಮವಸ್ತ್ರದಲ್ಲಿರುವ ಯಾವುದೇ ಪೊಲೀಸ್ ಅಧಿಕಾರಿ ಕೇಳಿದರೆ ಲೈಸೆನ್ಸ್ ತೋರಿಸಲೇಬೇಕು. ಕಾನೂನುಬದ್ಧ ಸೂಚನೆಗೆ ಸಡ್ಡು ಹೊಡೆದರೆ 179ನೇ ಕಲಂ ಕಾದಿದೆ. 2019ರ ತಿದ್ದುಪಡಿಯಾದ ಮೇಲೆ ಕೇಂದ್ರ ಕಾಯ್ದೆಯಲ್ಲಿ ಅದಕ್ಕೆ ಎರಡು ಸಾವಿರದವರೆಗೆ ದಂಡ. ಹೆಲ್ಮೆಟ್ ಇಲ್ಲದಿದ್ದರೆ ಆ ತಿದ್ದುಪಡಿಯಲ್ಲಿ ಸಾವಿರ ಎಂದಿತ್ತು. ಜನ ಬೊಬ್ಬೆ ಹೊಡೆದ ಮೇಲೆ ರಾಜ್ಯ ಸರಕಾರ ಅದೇ ಸೆಪ್ಟೆಂಬರ್‌ನಲ್ಲಿ ಐನೂರಕ್ಕೆ ಇಳಿಸಿತು. ಹಿಂದೆ ಕೂತವರಿಗೂ ಹೆಲ್ಮೆಟ್ ಬೇಕು ಎಂಬ ಕಟ್ಟುನಿಟ್ಟು ಬಂದದ್ದು 2016ರ ಜನವರಿಯಲ್ಲಿ. ಇಷ್ಟು ವರ್ಷವಾದರೂ ‘ಹೆಂಡ್ತಿಗೂ ಬೇಕಾ ಸಾರ್? ಇಲ್ಲೇ ಮಾರ್ಕೆಟ್ಟಿಗೆ ಹೋಗ್ತಿದ್ವಿ’ ಎನ್ನುವವರು ವಿಜಯನಗರದಲ್ಲಿ ಇನ್ನೂ ಸಿಗುತ್ತಾರೆ. ಮಾರ್ಕೆಟ್ಟಿಗೆ ಹೋಗುವ ತಲೆ, ಆಫೀಸಿಗೆ ಹೋಗುವ ತಲೆ ಎಂದು ಡಾಂಬರಿಗೆ ಭೇದವಿಲ್ಲ.

‘ನೀನು’ ಮತ್ತು ‘ನೀವು’

ಕನ್ನಡದಲ್ಲಿ ಗೌರವ ಕೂತಿರುವುದು ಕ್ರಿಯಾಪದದ ಬಾಲದಲ್ಲಿ. ‘ತೋರ್ಸು’ ಎಂದರೆ ಒಂದು, ‘ತೋರ್ಸಿ’ ಎಂದರೆ ಇನ್ನೊಂದು. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ಸರ್ವನಾಮ. ಸಿಟ್ಟಿದ್ದರೆ ಧ್ವನಿಯಲ್ಲಿ ತೋರಿಸಬೇಕಷ್ಟೆ. ನಮ್ಮ ಭಾಷೆಯಲ್ಲಿ ಬಾಯಿ ತೆರೆದ ಕೂಡಲೇ ಎದುರಿಗಿರುವವನ ದರ್ಜೆ ನಿರ್ಧಾರವಾಗಿಬಿಡುತ್ತದೆ. ಅದಕ್ಕೇ ಪತ್ರಿಕೆಗಳಲ್ಲಿ ‘ಏಕವಚನದಲ್ಲಿ ನಿಂದಿಸಿದರು’ ಎಂಬುದೇ ಒಂದು ಆರೋಪವಾಗಿ ಅಚ್ಚಾಗುವುದು.

ಇಪ್ಪತ್ತೆಂಟರ ಕಾನ್‌ಸ್ಟೆಬಲ್ ಐವತ್ತೈದರ ದಿನಸಿ ಅಂಗಡಿ ಯಜಮಾನರಿಗೆ ‘ಏನಯ್ಯಾ, ಡಿಎಲ್ ಕೊಡು’ ಎನ್ನುತ್ತಾನೆ. ಇಪ್ಪತ್ತರ ಕಾಲೇಜು ಹುಡುಗ ಐವತ್ತು ದಾಟಿದ ಎಎಸ್‌ಐಗೆ ‘ಬ್ರೋ, ಬಿಟ್ಬಿಡಿ ಬ್ರೋ’ ಎನ್ನುತ್ತಾನೆ. ಇಬ್ಬರಿಗೂ ತಾವು ತಪ್ಪು ಮಾಡಿದ್ದೇವೆಂಬ ಅರಿವಿಲ್ಲ. ಇಬ್ಬರ ಎದುರಿಗಿರುವವರಿಗೂ ಕಿವಿ ಕೆಂಪಗಾಗಿರುತ್ತದೆ. ಹೆಂಗಸರ ವಿಷಯದಲ್ಲಂತೂ ‘ಏನಮ್ಮಾ’ ಎಂಬುದನ್ನು ಅಕ್ಕರೆಯಿಂದಲೂ ಹೇಳಬಹುದು, ಗದರಿಸಿಯೂ ಹೇಳಬಹುದು. ಸರ್ಕಲ್ಲಿನ ಗದ್ದಲದಲ್ಲಿ ಎರಡಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ‘ಮೇಡಂ’ ಎಂದರೆ ಪೀಡೆ ಹೋಯಿತು.

ಇನ್ನೊಂದು ಸೂಕ್ಷ್ಮವಿದೆ. ಬೆಂಗಳೂರಿನ ಪೊಲೀಸ್ ಪಡೆಯಲ್ಲಿ ಉತ್ತರ ಕರ್ನಾಟಕದ ಹುಡುಗರು ಬಹಳ. ‘ಗಾಡಿ ಸೈಡಿಗೆ ಹಚ್ರೀ’ ಎಂದು ಅವರು ಹೇಳಿದಾಗ ಅದರಲ್ಲಿ ‘ರೀ’ ಇದೆ, ಅಂದರೆ ಮರ್ಯಾದೆ ಇದೆ. ಬಸವೇಶ್ವರನಗರದ ಕಿವಿಗೆ ಮಾತ್ರ ಆ ಗಡಸು ಧಾಟಿಯೇ ಬೈಗುಳದಂತೆ ಕೇಳುತ್ತದೆ. ಅವನು ಕೊಟ್ಟ ಮರ್ಯಾದೆ ಇವನಿಗೆ ತಲುಪಲೇ ಇಲ್ಲ! ಇನ್ನು ಆಹಾರ ಪಾರ್ಸೆಲ್ ಹೊತ್ತು ಓಡುವ ಹುಡುಗರಲ್ಲಿ ಎಷ್ಟೋ ಜನಕ್ಕೆ ಕನ್ನಡವೇ ಬಾರದು. ‘ಸಾಬ್, ಸಾಬ್’ ಎನ್ನುತ್ತಾ ಮೊಬೈಲಿನಲ್ಲಿ ಓಡುತ್ತಿರುವ ನಿಮಿಷ ತೋರಿಸುತ್ತಾರೆ. ತಡವಾದರೆ ಅವರ ಆ ಹೊತ್ತಿನ ಸಂಪಾದನೆಗೆ ಕತ್ತರಿ. ಅವರ ಅವಸರ ಪೊಲೀಸಿನವರಿಗೆ ಉದ್ಧಟತನವಾಗಿ ಕಾಣುತ್ತದೆ, ಪೊಲೀಸಿನವರ ನಿಧಾನ ಅವರಿಗೆ ಕಿರುಕುಳವಾಗಿ ಕಾಣುತ್ತದೆ.

ಇದರ ಜೊತೆಗೆ ಸವಾರರ ಅಡ್ಡಹೆಸರುಗಳು ಬೇರೆ. ‘ಮಾಮ ನಿಂತವ್ನೆ ಮುಂದೆ’ ಎಂದು ಎದುರಿನಿಂದ ಬರುವವನು ಲೈಟು ಮಿಣಮಿಣ ಮಾಡಿ ಸುದ್ದಿ ಕೊಡುತ್ತಾನೆ. ಅದನ್ನು ಕಂಡ ಹತ್ತು ಜನ ಸಿಗ್ನಲ್ಲಿಗೆ ಐವತ್ತು ಗಜ ಹಿಂದೆ ನಿಂತು, ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತಿದ್ದ ಹೆಲ್ಮೆಟನ್ನು ಎತ್ತಿ ತಲೆಗೆ ಏರಿಸುತ್ತಾರೆ. ಕೆಲವರು ಒನ್ ವೇ ಆದರೂ ಚಿಂತೆಯಿಲ್ಲ ಎಂದು ತಿರುಗಿಸಿಕೊಂಡು ಹೋಗುತ್ತಾರೆ. ಪೊಲೀಸಿನವನು ಗಿಡದ ಮರೆಯಲ್ಲಿ ಅವಿತು ನಿಂತು ಠಕ್ಕನೆ ಎದುರು ಹಾರುವುದು ಈ ಕಳ್ಳಾಟಕ್ಕೆ ಪ್ರತಿಯಾಗಿ ಎಂಬುದು ಇಲಾಖೆಯವರ ಅಂಬೋಣ. ಇರಬಹುದು. ಆದರೆ ಹಾಗೆ ಹಾರಿದಾಗ ಸಿಕ್ಕಿಬೀಳುವವನು ಯಾವಾಗಲೂ ಕಳ್ಳನೇ ಆಗಿರುವುದಿಲ್ಲ. ಮಂಡ್ಯದ್ದು ಮರೆಯಬಾರದು.

‘ಒಂದ್ ನಿಮಿಷ ಮಾತಾಡಿ ಸಾರ್’

ಪಶ್ಚಿಮ ಬೆಂಗಳೂರಿನ ವಿಶೇಷ ಕಾಯಿಲೆ ಒಂದಿದೆ. ಗಾಡಿ ನಿಂತ ತಕ್ಷಣ ಸವಾರ ಲೈಸೆನ್ಸಿಗೆ ಕೈ ಹಾಕುವುದಿಲ್ಲ, ಫೋನಿಗೆ ಹಾಕುತ್ತಾನೆ. ‘ನಾನ್ಯಾರು ಗೊತ್ತಾ?’ ಎಂಬುದು ಪೀಠಿಕೆ. ಗೊತ್ತಿಲ್ಲ ಎಂದರೆ, ‘ಒಂದ್ ನಿಮಿಷ ಮಾತಾಡಿ ಸಾರ್’ ಎಂದು ಮೊಬೈಲನ್ನೇ ಕಾನ್‌ಸ್ಟೆಬಲ್ ಕಿವಿಗೆ ಒತ್ತುವುದು. ಆ ಕಡೆ ಯಾರೋ ಮಾಜಿ ಕಾರ್ಪೊರೇಟರ್ ಕಡೆಯವರು, ಯಾವುದೋ ಸಂಘದ ಉಪಾಧ್ಯಕ್ಷರು, ಇಲ್ಲವೇ ಬೇರೆ ಠಾಣೆಯ ಪರಿಚಯದವರು. ಇದನ್ನು ಸವಾರರು ಮರ್ಯಾದೆಯ ಕ್ರಮವೆಂದೇ ತಿಳಿದಿದ್ದಾರೆ. ಗಲಾಟೆ ಮಾಡದೆ ಸೌಮ್ಯವಾಗಿ ‘ಮಾತಾಡಿಸುವುದು’!

ಎದುರಿಗೆ ನಿಂತ ಪೊಲೀಸಿನವನಿಗೆ ಇದು ಬೈಗುಳಕ್ಕಿಂತ ದೊಡ್ಡ ಅವಮಾನ. ಬೈದರೆ ಕೇಸಾದರೂ ಹಾಕಬಹುದು. ಇಲ್ಲಿ ‘ನಿನ್ನ ಮಾತಿಗೆ ಬೆಲೆಯಿಲ್ಲ, ನಿನ್ನ ಮೇಲಿನವನ ಹತ್ರ ಮಾತಾಡ್ತೀನಿ’ ಎಂದು ಹೇಳಿದಂತಾಯಿತು. ಫೋನಿಗೆ ಹೆದರಿ ಒಬ್ಬನನ್ನು ಬಿಟ್ಟರೆ, ಅದನ್ನು ಕಂಡ ಮುಂದಿನವನು, ಫೋನಿಲ್ಲದ ಗಾರೆ ಕೆಲಸದವನು, ‘ಅವ್ರನ್ನ ಬಿಟ್ರಲ್ಲಾ ಸಾಮಿ’ ಎನ್ನುತ್ತಾನೆ. ಅವನಿಗೆ ಏನು ಉತ್ತರ? ಉತ್ತರವಿಲ್ಲದವನು ದನಿ ಏರಿಸುತ್ತಾನೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ.

ಅದರ ಬದಲು ಏನು ಮಾಡಬಹುದಿತ್ತು ಎಂದರೆ, ಬಹಳ ಸರಳ. ಕೈ ತೋರಿಸಿದ ಕೂಡಲೇ ಬ್ರೇಕು ಒತ್ತದೆ, ಹಿಂದೆ ಬರುವ ಬಸ್ಸು ಲಾರಿ ನೋಡಿಕೊಂಡು, ಇಂಡಿಕೇಟರ್ ಹಾಕಿ ಎಡಕ್ಕೆ ತರುವುದು. ಎಂಜಿನ್ ಆರಿಸಿ, ಸ್ಟ್ಯಾಂಡ್ ಹಾಕಿ, ಕೀಯನ್ನು ತಾನೇ ತೆಗೆದು ಕೈಯಲ್ಲಿ ಇಟ್ಟುಕೊಳ್ಳುವುದು. ಓಡಿಹೋಗುವವನಲ್ಲ ಎಂದು ಇದಕ್ಕಿಂತ ಚೆನ್ನಾಗಿ ಬಾಯಲ್ಲಿ ಹೇಳಲು ಬರುವುದಿಲ್ಲ. ಕೀ ಕಿತ್ತುಕೊಳ್ಳುವ ಪ್ರಸಂಗವೂ ಹುಟ್ಟುವುದಿಲ್ಲ. ಮುಖ ಕಾಣುವಂತೆ ಹೆಲ್ಮೆಟಿನ ಗಾಜು ಎತ್ತಿ, ‘ಏನ್ ಸಾರ್, ಯಾವ ಕೇಸು?’ ಎಂದು ಕೇಳುವುದು. ಹೀಗೆ ಕೇಳುವುದು ಸವಾರನ ಹಕ್ಕು, ಅದರಲ್ಲಿ ಅವಿಧೇಯತೆ ಏನೂ ಇಲ್ಲ. ಲೈಸೆನ್ಸ್, ಆರ್‌ಸಿ, ವಿಮೆಯ ಕಾಗದ ಮನೆಯಲ್ಲಿ ಬೀರುವಿನಲ್ಲಿದ್ದರೂ ಸರಿಯೇ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2018ರಲ್ಲಿ ಆದ ತಿದ್ದುಪಡಿಯಿಂದ ಡಿಜಿಲಾಕರ್, ಎಂಪರಿವಾಹನದಲ್ಲಿರುವ ದಾಖಲೆಯೂ ನಡೆಯುತ್ತದೆ. ಫೋಟೋ ಹೊಡೆದು ಗ್ಯಾಲರಿಯಲ್ಲಿ ಇಟ್ಟುಕೊಂಡದ್ದು ಬೇರೆ, ಇದು ಬೇರೆ. ಈ ವ್ಯತ್ಯಾಸ ತಿಳಿಯದೆ ಎಷ್ಟೋ ಸವಾರರು ‘ಮೊಬೈಲಲ್ಲಿ ತೋರ್ಸಿದ್ರೂ ಒಪ್ಪಲಿಲ್ಲ’ ಎಂದು ದೂರುತ್ತಾರೆ.

ತಪ್ಪು ಮಾಡಿಲ್ಲವೆಂದು ಖಾತ್ರಿ ಇದ್ದರೆ? ಹಾಗಿದ್ದರೆ ರಸ್ತೆಯಲ್ಲಿ ವಾದ ಗೆಲ್ಲಬೇಕಾಗಿಲ್ಲ. ಸ್ಥಳದಲ್ಲಿ ದಂಡ ಕಟ್ಟುವುದು ತಪ್ಪೊಪ್ಪಿಕೊಂಡು ರಾಜಿಯಾದಂತೆ. ಒಪ್ಪದವನು ನೋಟಿಸ್ ಪಡೆದು ನ್ಯಾಯಾಲಯದಲ್ಲಿ ಹೇಳಿಕೊಳ್ಳಬಹುದು. ‘ಕೋರ್ಟಿಗೆ ಹೋಗ್ತೀನಿ ಸಾರ್, ನೋಟಿಸ್ ಕೊಡಿ’ ಎಂಬುದನ್ನು ಬೆದರಿಕೆಯ ಧಾಟಿಯಲ್ಲೂ ಹೇಳಬಹುದು, ಹಾಲಿನ ಅಂಗಡಿಯಲ್ಲಿ ಅರ್ಧ ಲೀಟರ್ ಕೇಳುವ ಧಾಟಿಯಲ್ಲೂ ಹೇಳಬಹುದು. ಎರಡನೆಯದಕ್ಕೆ ಹೆಚ್ಚು ತೂಕ.

ಮೆಷಿನ್ ಒತ್ತಿದರೆ ಹಳೇ ಸಾಲ

ಜಗಳಕ್ಕೆ ಈಗೀಗ ಹೊಸದೊಂದು ಕಾರಣ ಸೇರಿದೆ. 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಐವತ್ತು ಜಂಕ್ಷನ್‌ಗಳಲ್ಲಿ ನಂಬರ್ ಪ್ಲೇಟ್ ಓದುವ ಕ್ಯಾಮೆರಾ ವ್ಯವಸ್ಥೆಗೆ ಚಾಲನೆ ಸಿಕ್ಕಿತು. ಸಿಗ್ನಲ್ ಹಾರಿದ್ದು, ಹೆಲ್ಮೆಟ್ ಇಲ್ಲದ್ದು, ಮೂರು ಜನ ಕೂತದ್ದು, ಎಲ್ಲ ತಾನೇ ತಾನಾಗಿ ದಾಖಲಾಗುತ್ತದೆ. ಸವಾರನಿಗೆ ಗೊತ್ತೇ ಇರುವುದಿಲ್ಲ. ಒಂದು ದಿನ ಶಂಕರಮಠದ ಹತ್ತಿರವೋ ಹಾವನೂರು ಸರ್ಕಲ್ಲಿನಲ್ಲೋ ಯಾವುದೋ ಸಣ್ಣ ಕಾರಣಕ್ಕೆ ನಿಲ್ಲಿಸುತ್ತಾರೆ. ಕೈಯಲ್ಲಿರುವ ಮೆಷಿನ್‌ಗೆ ನಂಬರ್ ಒತ್ತುತ್ತಾರೆ. ‘ನಿಮ್ ಗಾಡಿ ಮೇಲೆ ಹದಿನಾಲ್ಕು ಕೇಸಿದೆ, ಏಳು ಸಾವಿರ ಆಗುತ್ತೆ’ ಎಂದು ಬರುತ್ತದೆ. ಗಾಡಿ ತಮ್ಮನದು, ಓಡಿಸಿದ್ದು ಭಾವಮೈದ, ಸಿಕ್ಕಿಹಾಕಿಕೊಂಡವನು ಅಣ್ಣ! ಇಂಥ ಹೊತ್ತಲ್ಲಿ ಯಾವ ಸಾಧುವಿನ ಬಾಯಿಯೂ ಸುಮ್ಮನಿರುವುದು ಕಷ್ಟ.

ಹಳೆಯ ಬಾಕಿಗೆ ಸರಕಾರ ಶೇಕಡ ಐವತ್ತು ರಿಯಾಯಿತಿ ಕೊಟ್ಟ 2023ರ ಫೆಬ್ರವರಿಯಲ್ಲಿ ಠಾಣೆಗಳ ಮುಂದೆ, ಬೆಂಗಳೂರು ಒನ್ ಕೇಂದ್ರಗಳ ಮುಂದೆ ಸಾಲುಗಟ್ಟಿ ನಿಂತು ಜನ ಕಟ್ಟಿದ್ದು 120 ಕೋಟಿ ರೂಪಾಯಿಗೂ ಮೇಲೆ, ಅದೂ ಒಂಬತ್ತೇ ದಿನದಲ್ಲಿ. ಆಮೇಲೂ ಇಂಥ ಅವಕಾಶ ಬಂದಿದೆ, 2025ರಲ್ಲೂ ಬಂದಿತ್ತು. ಈ ರಿಯಾಯಿತಿಗಳ ಬಗ್ಗೆ ಎರಡು ಮಾತಿದೆ. ಸರಿಯಾಗಿ ಸಮಯಕ್ಕೆ ಕಟ್ಟಿದವನು ಪೂರ್ತಿ ಕಟ್ಟಿದ, ಕಟ್ಟದೆ ಕೂತವನಿಗೆ ಅರ್ಧಕ್ಕೆ ಅರ್ಧ ಮಾಫಿ. ಮುಂದಿನ ಸಲ ‘ಈಗ್ಯಾಕೆ ಕಟ್ಲಿ ಸಾರ್, ಹೇಗೂ ಆಫರ್ ಬರುತ್ತಲ್ಲ’ ಎಂದು ಸವಾರ ನಕ್ಕರೆ ಆ ಮಾತಿಗೆ ಹೊಣೆ ಯಾರು? ಬಟ್ಟೆ ಅಂಗಡಿಯವರಿಗೆ ಆಷಾಢದ ಡಿಸ್ಕೌಂಟ್ ಎಷ್ಟು ಚೆನ್ನಾಗಿ ಗೊತ್ತೋ, ಗಿರಾಕಿ ಅದಕ್ಕೇ ಕಾದು ಕೂರುತ್ತಾನೆಂಬುದೂ ಅಷ್ಟೇ ಚೆನ್ನಾಗಿ ಗೊತ್ತು.

ಆಗಾಗ ತನ್ನ ಗಾಡಿ ಮೇಲಿನ ಬಾಕಿಯನ್ನು ತಾನೇ ನೋಡಿಕೊಳ್ಳುವ ಸವಾರ ರಸ್ತೆ ಮಧ್ಯೆ ಬೆಚ್ಚಿಬೀಳುವುದಿಲ್ಲ. ಅದಂತೂ ನಿಜ.

ಟೋಪಿ ಬದಲಾಯಿತು

ಪೊಲೀಸರ ಪಾಡನ್ನೂ ಹೇಳಬೇಕು. ನಾಯಂಡಹಳ್ಳಿ ಜಂಕ್ಷನ್ನಿನಲ್ಲೋ ಸುಮನಹಳ್ಳಿಯಲ್ಲೋ ಒಂದು ಪಾಳಿ ನಿಂತು ನೋಡಲಿ ಯಾರಾದರೂ. ತಲೆ ಮೇಲೆ ಬಿಸಿಲು, ಮೂಗಿಗೆ ಲಾರಿ ಹೊಗೆ, ಕಿವಿಗೆ ಹಾರನ್. ನಗರದಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿ ಹೋಗಿವೆ. ಮೂರರಲ್ಲಿ ಎರಡಕ್ಕೂ ಹೆಚ್ಚು ಪಾಲು ದ್ವಿಚಕ್ರ. ನಿಲ್ಲಿಸಿದವರಲ್ಲಿ ಹತ್ತಕ್ಕೆ ಒಬ್ಬನಾದರೂ ಸುಳ್ಳು ಹೇಳುತ್ತಾನೆ. ‘ಅಮ್ಮನಿಗೆ ಹುಷಾರಿಲ್ಲ’ ಎಂಬ ಮಾತನ್ನು ದಿನಕ್ಕೆ ಇಪ್ಪತ್ತು ಸಲ ಕೇಳಿದವನು ಇಪ್ಪತ್ತೊಂದನೆಯವನ ಅಮ್ಮನಿಗೆ ನಿಜವಾಗಿಯೂ ಹುಷಾರಿಲ್ಲದಿದ್ದಾಗ ನಂಬುವುದಿಲ್ಲ. ಕಷ್ಟ ಇರುವುದು ಅಲ್ಲೇ. ಮಂಡ್ಯದ ರಸ್ತೆಯಲ್ಲಿದ್ದದ್ದು ಇಪ್ಪತ್ತೊಂದನೆಯವರು.

2025ರ ಅಕ್ಟೋಬರ್‌ನಲ್ಲಿ ರಾಜ್ಯದ ಕಾನ್‌ಸ್ಟೆಬಲ್‌ಗಳ ಹಳೆಯ ಸ್ಲೋಚ್ ಹ್ಯಾಟ್ ಹೋಗಿ ನೀಲಿ ಪೀಕ್ ಕ್ಯಾಪ್ ಬಂತು. ಮುಖ್ಯಮಂತ್ರಿಗಳೇ ಕೊಟ್ಟರು. ಒಳ್ಳೆಯದೇ ಆಯಿತು, ಹಳೇ ಹ್ಯಾಟು ಗಾಳಿಗೆ ಹಾರುತ್ತಿತ್ತು. ತಲೆಯ ಮೇಲಿನದು ಬದಲಾದ ಹಾಗೆ ನಾಲಿಗೆಯ ಮೇಲಿನದು ಸರಕಾರಿ ಆದೇಶದಿಂದ ಬದಲಾಗುವುದಿಲ್ಲ. ಅದಕ್ಕೆ ತರಬೇತಿ ಬೇಕು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಪೊಲೀಸರು 2009-10ರಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ಕುಡಿದು ಓಡಿಸುವವರ ತಪಾಸಣೆಯಲ್ಲಿ ಅರ್ಧದಷ್ಟು ಕಡೆ ಎಂದಿನಂತೆ ಊದಿಸಿ ಕಳಿಸಿದರು. ಉಳಿದರ್ಧ ಕಡೆ ಅಧಿಕಾರಿ ಏಕೆ ನಿಲ್ಲಿಸಿದ್ದೇವೆಂದು ಹೇಳಿ, ಚಾಲಕನ ಮಾತು ಕೇಳಿ, ಕೊನೆಗೆ ವಂದನೆ ಹೇಳಿ ಕಳಿಸಿದ. ಇದಕ್ಕೆ ಹಿಡಿದದ್ದು ಸುಮಾರು ಒಂದೂವರೆ ನಿಮಿಷ. ಎರಡನೇ ಗುಂಪಿನವರಿಗೆ ಪೊಲೀಸರ ಬಗ್ಗೆ ಹೆಚ್ಚು ಸಮಾಧಾನವಿತ್ತು. ರಾಕೆಟ್ ವಿಜ್ಞಾನ ಏನಿಲ್ಲ ಇದರಲ್ಲಿ. ಯಾವ ಹೋಟೆಲ್ ಮಾಣಿಗೂ ಗೊತ್ತಿರುವ ವಿದ್ಯೆ. ಆದರೆ ಸಂಜೆ ಆರೂವರೆಗೆ ನವರಂಗ್ ಸರ್ಕಲ್ಲಿನಲ್ಲಿ ಒಬ್ಬೊಬ್ಬರಿಗೆ ಒಂದೂವರೆ ನಿಮಿಷ ಎಲ್ಲಿಂದ ತರುವುದು ಎಂಬ ಪ್ರಶ್ನೆಯೂ ಇದೆ. ಕಡಿಮೆ ಜನರನ್ನು ನಿಲ್ಲಿಸಿ, ನಿಲ್ಲಿಸಿದವರ ಹತ್ತಿರ ಸರಿಯಾಗಿ ಮಾತಾಡಿ ಎಂಬುದೇ ಇದಕ್ಕೆ ಉಳಿದಿರುವ ದಾರಿ. ಸುತ್ತೋಲೆಯೂ ಬೇರೆ ಮಾತಿನಲ್ಲಿ ಅದನ್ನೇ ಹೇಳುತ್ತಿದೆ.

ಎದೆಗೆ ಸಿಕ್ಕಿಸಿದ ಕ್ಯಾಮೆರಾ ಎಲ್ಲ ಸರಿಮಾಡುತ್ತದೆ ಎಂಬ ನಂಬಿಕೆ 2022ರಿಂದ ಬೆಂಗಳೂರಿನಲ್ಲಿ ಚಾಲ್ತಿಯಲ್ಲಿದೆ. ಅಮೆರಿಕದ ರಿಯಾಲ್ಟೊ ಎಂಬ ಊರಿನಲ್ಲಿ 2012-13ರಲ್ಲಿ ಕ್ಯಾಮೆರಾ ಹಾಕಿದ ಮೇಲೆ ಪೊಲೀಸರ ಮೇಲಿನ ದೂರುಗಳು ಎಂಟರಲ್ಲಿ ಏಳು ಪಾಲು ಇಳಿದವು ಎಂದು ಜಗತ್ತಿಗೆಲ್ಲ ಸುದ್ದಿಯಾಯಿತು. ಅದೇ ದೇಶದ ರಾಜಧಾನಿ ವಾಷಿಂಗ್ಟನ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪೊಲೀಸರ ಮೇಲೆ ಪ್ರಯೋಗ ಮಾಡಿ 2017ರಲ್ಲಿ ಫಲಿತಾಂಶ ಹೇಳಿದಾಗ, ಗಮನಿಸುವಂಥ ವ್ಯತ್ಯಾಸವೇ ಕಾಣಲಿಲ್ಲ. ಕ್ಯಾಮೆರಾ ಸಾಕ್ಷಿ ಹೇಳುತ್ತದೆ, ಶಿಷ್ಟಾಚಾರ ಕಲಿಸುವುದಿಲ್ಲ. ಸವಾರರು ಮೂಗಿನ ಹತ್ತಿರ ಹಿಡಿಯುವ ಮೊಬೈಲಿಗೂ ಇದೇ ಮಾತು. ದೂರದಿಂದ ಸುಮ್ಮನೆ ಹಿಡಿದರೆ ಸಾಕ್ಷಿ. ಮುಖಕ್ಕೆ ತಂದು ‘ಲೈವ್ ಹೋಗ್ತಿದೀರಾ, ಏನ್ ಹೇಳ್ತೀರಾ ಹೇಳಿ’ ಎಂದರೆ ಅದು ರೇಗಿಸುವುದು.

ಕೈ ಮೀರಿದರೆ

ಮಾತು ಕೈಗೆ ಇಳಿದರೆ ನಷ್ಟ ಯಾರಿಗೆ? 2024ರ ಫೆಬ್ರವರಿಯಲ್ಲಿ ವಿಲ್ಸನ್ ಗಾರ್ಡನ್‌ನಲ್ಲಿ ಹೆಲ್ಮೆಟ್ ಇಲ್ಲದೆ ಬಂದ ಸ್ಕೂಟರ್ ಸವಾರನೊಬ್ಬ, ಪೊಲೀಸರು ಕೀ ತೆಗೆದುಕೊಂಡರೆಂದು ರೊಚ್ಚಿಗೆದ್ದು ಹೆಡ್ ಕಾನ್‌ಸ್ಟೆಬಲ್ ಒಬ್ಬರ ಬೆರಳನ್ನೇ ಕಚ್ಚಿದ. ಐನೂರು ರೂಪಾಯಿಯ ಕೇಸು ಬಂಧನದಲ್ಲಿ ಮುಗಿಯಿತು. ಕೀ ಮುಟ್ಟದಿದ್ದರೆ ಬೆರಳು ಉಳಿಯುತ್ತಿತ್ತು ಎನ್ನುವವರಿದ್ದಾರೆ. ಕೀ ಮುಟ್ಟಿದರೆಂದು ಕಚ್ಚುವುದೇ ಎನ್ನುವವರೂ ಇದ್ದಾರೆ. ಇಬ್ಬರ ಮಾತೂ ನಿಜ. 2022ರ ಜನವರಿಯಲ್ಲಿ ಜೆ.ಸಿ. ರಸ್ತೆಯಲ್ಲಿ ಟೋಯಿಂಗ್ ವಿಷಯಕ್ಕೆ ಅಂಗವಿಕಲ ಮಹಿಳೆಯೊಬ್ಬರಿಗೂ ಎಎಸ್‌ಐಗೂ ನಡೆದದ್ದಂತೂ ರಾಜ್ಯವೆಲ್ಲ ವಿಡಿಯೋದಲ್ಲಿ ನೋಡಿತು. ಆಕೆ ಕಲ್ಲೆಸೆದರೆಂದು ಆಕೆಯ ಬಂಧನ, ಆತ ಒದ್ದನೆಂದು ಆತನ ಅಮಾನತು. ಮುಂದಿನ ತಿಂಗಳೇ ನಗರದಲ್ಲಿ ಟೋಯಿಂಗ್ ನಿಂತಿತು.

ಸರಕಾರಿ ನೌಕರನ ಕರ್ತವ್ಯಕ್ಕೆ ಅಡ್ಡಿಪಡಿಸಲು ಕೈ ಮಾಡಿದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 132ನೇ ಕಲಂ. ಹಳಬರಿಗೆ ಅರ್ಥವಾಗುವಂತೆ ಹೇಳುವುದಾದರೆ ಹಿಂದಿನ 353. ಎರಡು ವರ್ಷದವರೆಗೆ ಜೈಲು, ಜಾಮೀನು ಹಕ್ಕಾಗಿ ಸಿಗುವುದಿಲ್ಲ. ಕಾಲರ್ ಹಿಡಿದ ಹುಡುಗನಿಗೆ ಆಮೇಲೆ ಪಾಸ್‌ಪೋರ್ಟಿಗೆ, ಕೆಲಸಕ್ಕೆ ಪೊಲೀಸ್ ಪರಿಶೀಲನೆ ಎಂದಾಗ ಆ ಸಂಜೆ ನೆನಪಾಗುತ್ತದೆ. ಅವನ ಅಪ್ಪನಿಗೆ ಇನ್ನೂ ಮೊದಲೇ ನೆನಪಾಗಿರುತ್ತದೆ, ವಕೀಲರ ಫೀಸು ಕೊಡುವಾಗ.

ಇನ್ನೊಂದು ಕೈ ಮಾತಿದೆ. ಜೇಬಿಗೆ ಹೋಗುವ ಕೈ. ‘ಇನ್ನೂರು ಇಟ್ಕೊಳಿ ಸಾರ್, ಕೇಸ್ ಬೇಡ’ ಎಂಬುದನ್ನು ಕೆಲವರು ಸೌಜನ್ಯವೆಂದೇ ಭಾವಿಸಿದ್ದಾರೆ. 2018ರ ತಿದ್ದುಪಡಿಯ ನಂತರ ಲಂಚ ಕೊಟ್ಟವನೂ ಅಪರಾಧಿಯೇ, ಏಳು ವರ್ಷದವರೆಗೆ ಶಿಕ್ಷೆಯಿದೆ. ಬಲವಂತಕ್ಕೆ ಕೊಟ್ಟವನು ಏಳು ದಿನದೊಳಗೆ ದೂರು ಕೊಟ್ಟರೆ ಮಾತ್ರ ಪಾರು. ಮೆಷಿನ್ನಿನಿಂದ ರಸೀದಿ ಬಾರದ ಯಾವ ಹಣವೂ ದಂಡವಲ್ಲ. ‘ರಸೀದಿ ಕೊಡಿ ಸಾರ್’ ಎಂದು ಕೇಳುವುದಕ್ಕೆ ನಾಚಿಕೆಪಡುವ ಗಿರಾಕಿ, ಅದೇ ಅಂಗಡಿಯಲ್ಲಿ ಹತ್ತು ರೂಪಾಯಿ ಚಿಲ್ಲರೆಗೆ ಅರ್ಧ ಗಂಟೆ ಕಾಯುತ್ತಾನೆ!

ನಿಲ್ಲಿಸುವ ಜಾಗ

ಕೊನೆಗೆ ಬಸ್ಸಿನವರ ಮತ್ತು ಅಂಗಡಿಯವರ ದೂರು. ಇದರ ಬಗ್ಗೆ ಯಾವ ಸುತ್ತೋಲೆಯಲ್ಲೂ ಹೆಚ್ಚು ಚರ್ಚೆಯಾದಂತಿಲ್ಲ. ಗಾಡಿ ಹಿಡಿಯುವುದಕ್ಕೆ ಪೊಲೀಸರು ಆರಿಸಿಕೊಳ್ಳುವ ಜಾಗ ಬಹುಮಟ್ಟಿಗೆ ತಿರುವು, ಫ್ಲೈಓವರ್ ಇಳಿಯುವ ಕಡೆ, ಇಲ್ಲವೇ ಬಸ್ ನಿಲ್ದಾಣದ ಮಗ್ಗುಲು. ಅಲ್ಲಿ ಗಾಡಿಗಳು ನಿಧಾನವಾಗುತ್ತವೆ, ಹಿಡಿಯಲು ಸುಲಭ ಎಂಬ ಲೆಕ್ಕ. ನಾಲ್ಕು ಬೈಕು, ಒಂದು ಹೊಯ್ಸಳ ಜೀಪು ಸಾಲಾಗಿ ನಿಂತ ಮೇಲೆ ಬಸ್ಸು ತನ್ನ ನಿಲ್ದಾಣಕ್ಕೆ ಬರಲಾಗದೆ ನಡುರಸ್ತೆಯಲ್ಲಿ ನಿಲ್ಲುತ್ತದೆ. ಮುದುಕರು, ಶಾಲೆ ಮಕ್ಕಳು ಎರಡು ಸಾಲು ವಾಹನ ದಾಟಿ ಹತ್ತಬೇಕು. ಮಾಗಡಿ ರಸ್ತೆಯ ಬಸ್ಸಿನಲ್ಲಿ ಸಂಜೆ ಮನೆಗೆ ಹೋಗುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಂಗಡಿಯ ಮುಂದೆಯೇ ಜನ ಜಮಾಯಿಸಿದರೆ ಗಿರಾಕಿ ಒಳಗೆ ಬರುವುದಿಲ್ಲ. ಬಂದವರೂ ಜಗಳ ನೋಡಲು ಬಂದವರು.

ಮರ್ಯಾದೆಗೂ ಜಾಗಕ್ಕೂ ಸಂಬಂಧವಿದೆ. ಇಕ್ಕಟ್ಟಿನಲ್ಲಿ ನಿಲ್ಲಿಸಿದಾಗ ಹಿಂದಿನಿಂದ ಹಾರನ್, ಸುತ್ತ ಪ್ರೇಕ್ಷಕರು. ಹತ್ತು ಜನರ ಮುಂದೆ ಯಾರಿಗೂ ಸೋಲಲು ಮನಸ್ಸಿಲ್ಲ, ಸವಾರನಿಗೂ ಇಲ್ಲ, ಪೊಲೀಸಿಗೂ ಇಲ್ಲ. ಅದೇ ನೂರಡಿ ಮುಂದೆ, ಅಗಲವಾದ ಕಡೆ, ದೂರದಿಂದಲೇ ಕಾಣುವಂತೆ ನಿಂತು ಕೈ ತೋರಿಸಿದರೆ ಇಬ್ಬರಿಗೂ ದನಿ ತಗ್ಗಿಸಲು ಅವಕಾಶವಿದೆ. ವೆಸ್ಟ್ ಆಫ್ ಕಾರ್ಡ್ ರಸ್ತೆಯಲ್ಲಿ, ಮೈಸೂರು ರಸ್ತೆಯ ಕೆಂಗೇರಿ ಕಡೆ ಅಂಥ ಜಾಗಗಳಿಗೆ ಬರವಿಲ್ಲ. ವಿಜಯನಗರದ ಒಳರಸ್ತೆಗಳಲ್ಲಿ ಕಷ್ಟ, ಅಲ್ಲಿ ನಿಲ್ಲಿಸದೆ ಕ್ಯಾಮೆರಾದಲ್ಲೇ ಕೇಸು ಹಾಕಿಕೊಳ್ಳಬಹುದು. ರಾಜಾಜಿನಗರ, ವಿಜಯನಗರ, ಕಾಮಾಕ್ಷಿಪಾಳ್ಯ, ಕೆಂಗೇರಿ ಸಂಚಾರಿ ಠಾಣೆಯವರು ತಮ್ಮ ತಮ್ಮ ಸರಹದ್ದಿನಲ್ಲಿ ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂದು ಒಂದು ಪಟ್ಟಿ ಮಾಡಲು ಹೊಸ ಕಾಯ್ದೆಯೂ ಬೇಡ, ಬಜೆಟ್ಟೂ ಬೇಡ. ಬಸ್ ನಿಲ್ದಾಣದ ಮೂವತ್ತು ಗಜದೊಳಗೆ ಗಾಡಿ ಹಿಡಿಯಬಾರದು ಎಂಬುದರಿಂದ ಆ ಪಟ್ಟಿ ಶುರುವಾಗಲಿ ಎಂಬುದು ದಿನಾ ಬಸ್ಸಿಗೆ ಕಾಯುವವರ ಬೇಡಿಕೆ.